ಉಡದಾರದ ಕೀಲಿಕೈ

ಅಮರಪ್ಪ ವಕೀಲರಿಗೆ ಕೀಲಿಕೈ ಬೇಕಾದಾಗಲೆಲ್ಲ ನಾವು ಬೇರೆ ಕಡೆ ಮುಖ ತಿರುಗಿಸಬೇಕಾಗುತ್ತಿತ್ತು. ಯಾಕೆಂದರೆ ಆ ಕೀಲಿಕೈ ಇದ್ದದ್ದು ಅವರ ಉಡದಾರದಲ್ಲಿ. ಕರಿ ಕೋಟು ಮೇಲೆತ್ತಿ, ಬಿಳಿ ಅಂಗಿಯನ್ನು ಪ್ಯಾಂಟಿನಿಂದ ಹೊರಗೆಳೆದು, ಹೊಟ್ಟೆ ಒಳಗೆಳೆದುಕೊಂಡು, ಸೊಂಟದ ಸುತ್ತ ಬೆರಳಾಡಿಸಿ ಅದನ್ನು ಹುಡುಕುವಷ್ಟರಲ್ಲಿ ಎದುರಿಗೆ ಕೂತ ಕಕ್ಷಿದಾರ ಬಿಡುಗಣ್ಣಿನಿಂದ ಫ್ಯಾನು ನೋಡುತ್ತಿದ್ದ. ಇಷ್ಟೆಲ್ಲ ಸಾಹಸ ಮಾಡಿ ಅವರು ತೆಗೆಯುತ್ತಿದ್ದದ್ದು ಒಂದು ಹಸಿರು ತಗಡಿನ ಟ್ರಂಕು. ಅದರ ಮುಚ್ಚಳದ ಮೇಲೆ ಪೇಂಟರನ ಕೈಯಲ್ಲಿ ‘ಮಂತ್ರ’ ಅಂತ ಬರೆಸಿದ್ದರು. ಹೊಸಬರು ಅದನ್ನು ಪೂಜೆಯ ಪೆಟ್ಟಿಗೆ ಅಂದುಕೊಂಡು ಚಪ್ಪಲಿ ಬಿಟ್ಟು ಒಳಗೆ ಬರುತ್ತಿದ್ದರು. ಹಾಗಲ್ಲ. ಹಳೇ ಕಾಲದ ರಾಜನೀತಿಯಲ್ಲಿ ಮಂತ್ರ ಅಂದರೆ ರಾಜನೂ ಮಂತ್ರಿಯೂ ಬಾಗಿಲು ಹಾಕಿಕೊಂಡು ಮಾಡುವ ಆಲೋಚನೆ. ಅದು ಹೊರಗೆ ಹೋಗದಂತೆ ಕಾಯುವುದು ಮಂತ್ರಗುಪ್ತಿ. ನಮ್ಮ ವಕೀಲರ ಮಂತ್ರಗುಪ್ತಿ ಸೊಂಟದಲ್ಲಿ ನೇತಾಡುತ್ತಿತ್ತು.

ನಾನು ಅವರ ಕೈಕೆಳಗೆ ಆರು ವರ್ಷ ಕಲಿತವಳು. ಸಿಂಧನೂರಿನಲ್ಲಿ ನಮ್ಮ ಓಣಿಯಿಂದ ಕಾನೂನು ಓದಿದ ಮೊದಲ ಹುಡುಗಿ. ನಮ್ಮದು ಬೌದ್ಧರ ಮನೆ. ಅಪ್ಪ ಪ್ರಾಥಮಿಕ ಶಾಲೆಯ ಮಾಸ್ತರ, ಪಡಸಾಲೆಯಲ್ಲಿ ಸಂವಿಧಾನದ ಪೀಠಿಕೆಗೆ ಕಟ್ಟು ಹಾಕಿಸಿ ತೂಗುಹಾಕಿದವನು. ವಕೀಲಿಯ ಸನ್ನದು ಹಿಡಿದುಕೊಂಡು ಮೂವರು ವಕೀಲರ ಚೇಂಬರಿಗೆ ಹೋದೆ. ಮೂವರೂ ಹೆಸರು ಕೇಳಿದರು, ಓಣಿ ಕೇಳಿದರು, ಆಮೇಲೆ ಜಾಗ ಇಲ್ಲ ಅಂದರು. ನಾಲ್ಕನೆಯವರು ಅಮರಪ್ಪ. ಅವರು ಓಣಿ ಕೇಳಲಿಲ್ಲ.

“ಗುಟ್ಟು ಇಟ್ಕೊಳ್ಳಾಕ ಬರ್ತದೇನವ್ವಾ?” ಅಂದರು.

“ಬರ್ತದರಿ ಸರ್.”

“ಹಂಗಾದ್ರ ಕೂಡು. ಸುಜಾತವ್ವಾ, ಇವತ್ತಿನಿಂದ ನೀ ನಮ್ಮ ಅಮಾತ್ಯ.”

ತಮ್ಮ ಮಗ್ಗುಲಿನ ಕುರ್ಚಿಯನ್ನು ತಾವೇ ಎಳೆದು ಕೊಟ್ಟರು. ಅದೇ ಕುರ್ಚಿಯಲ್ಲಿ ಕೂಡಿಸಿ, ತಮ್ಮ ಲೋಟದ ಚಹಾ ಬಸಿಯಲ್ಲಿ ಸುರಿದು ನನ್ನ ಮುಂದೆ ನೂಕಿದರು. ಈ ಉಪಕಾರ ನಾನು ಮರೆಯುವವಳಲ್ಲ. ಮರೆತಿದ್ದರೆ ಇಷ್ಟು ಉದ್ದ ಬರೆಯುವ ಗರಜೇ ಇರಲಿಲ್ಲ, ನಾಲ್ಕು ಬೈಗುಳದಲ್ಲಿ ಮುಗಿದುಹೋಗುತ್ತಿತ್ತು.

ಗುರುಗುಂಟಾದ ಕಡೆಯವರು ಅವರು. ಎತ್ತರದ ಆಳು, ಗಿರಿಜಾ ಮೀಸೆ, ಮೂಗಿನ ತುದಿಗೆ ಕನ್ನಡಕ. ಕಾಲೇಜಿನಲ್ಲಿ ಯಾರೋ ಹಳೇ ರಾಜನೀತಿಯ ಹುಚ್ಚು ಹಿಡಿಸಿದ್ದರಂತೆ. ಹುಚ್ಚು ಬಿಡಲಿಲ್ಲ, ವಕೀಲಿಯ ಜೊತೆ ಬೆರೆತುಕೊಂಡಿತು. ಕಾನೂನಿನಲ್ಲಿ ಹೊಸದು ಅಂತ ಏನೂ ಇಲ್ಲ, ಎಲ್ಲವನ್ನೂ ಎರಡು ಸಾವಿರ ವರ್ಷದ ಹಿಂದೆಯೇ ಹೇಳಿಟ್ಟಿದ್ದಾರೆ ಅನ್ನುವುದು ಅವರ ನಂಬಿಕೆ. ನಮ್ಮಪ್ಪನ ಪೀಠಿಕೆಯ ಕಟ್ಟಿನ ಸುದ್ದಿ ಹೇಳಿದರೆ, “ಛಲೋ ಅದ. ಆದ್ರ ಅದು ಮೊನ್ನಿದಲ್ಲವ್ವಾ?” ಅನ್ನುತ್ತಿದ್ದರು, ನಿನ್ನೆಯ ಸಾರಿನ ಬಗ್ಗೆ ಹೇಳಿದ ಹಾಗೆ.

ರಾಜ್ಯಕ್ಕೆ ಏಳು ಅಂಗ ಅಂತ ಹಳಬರು ಹೇಳಿದ್ದಾರೆ. ನಮ್ಮ ಚೇಂಬರಿಗೂ ಏಳು ಇದ್ದವು. ಸ್ವಾಮಿ ಅಂದರೆ ರಾಜ, ಅಮರಪ್ಪನವರೇ. ಅಮಾತ್ಯ ನಾನು. ಜನಪದ, ಹೊರಗೆ ಬೆಂಚಿನ ಮೇಲೆ ಕೂತ ಕಕ್ಷಿದಾರರು. ದುರ್ಗ, ಅಕ್ಕಿ ವ್ಯಾಪಾರಿಯೊಬ್ಬನಿಂದ ಬಾಡಿಗೆಗೆ ಪಡೆದ ಹತ್ತಡಿ ಕೋಣೆ. ಕೋಶ, ಟ್ರಂಕು. ದಂಡ, ಮೇಜಿನ ಮೇಲಿನ ರೂಲುಕೋಲು. ಮಿತ್ರ, ಎದುರಿನ ಜೆರಾಕ್ಸ್ ಅಂಗಡಿಯ ಮೌಲಾಸಾಬ್. ಈ ಮೌಲಾಸಾಬರೇ ಗೂಢಚಾರರೂ ಹೌದು. ಎದುರು ಪಾರ್ಟಿಯ ಕಾಗದ ಜೆರಾಕ್ಸಿಗೆ ಬಂದರೆ ಸುದ್ದಿ ಕೊಡಬೇಕು ಅಂತ ಕರಾರು. ಒಂದು ದಿನ ಮೌಲಾಸಾಬ್ ನನ್ನ ಕಡೆ ಬಗ್ಗಿ ಹೇಳಿದರು: “ಅಮ್ಮಾ, ಎರಡೂ ಪಾರ್ಟಿ ನನ್ನ ಕಡೇನೇ ಬರ್ತಾವು. ಇಬ್ಬರೂ ಚಾ ಕುಡಿಸಿ ಕೇಳ್ತಾರ, ಇಬ್ಬರಿಗೂ ಹೇಳ್ತೀನಿ. ನಾ ಯಾರ ಜಾಸೂಸ್ ಅಂತ ನಂಗೇ ಗೊತ್ತಿಲ್ಲ.”

ಇನ್ನು ಅವರ ವಿದೇಶಾಂಗ ನೀತಿ. ಪಕ್ಕದ ರಾಜ್ಯದವನು ಸಹಜ ಶತ್ರು, ಅವನಿಂದಾಚೆಯವನು ಶತ್ರುವಿನ ಶತ್ರು, ಆದ್ದರಿಂದ ಸಹಜ ಮಿತ್ರ. ಇದು ಹಳೇ ಸಿದ್ಧಾಂತ. ಅಮರಪ್ಪನವರು ಇದನ್ನು ತಾಲ್ಲೂಕುಗಳಿಗೆ ಹಚ್ಚಿದರು. ಸಿಂಧನೂರಿನ ಪಕ್ಕ ಲಿಂಗಸುಗೂರು ಇದ್ದಷ್ಟು ಕಾಲ ಲಿಂಗಸುಗೂರಿನ ವಕೀಲರು ಎದುರಾದರೆ ಮೀಸೆ ತಿರುವಿ ಮುಂದೆ ಹೋಗುತ್ತಿದ್ದರು. ಆಮೇಲೆ ನಡುವೆ ಮಸ್ಕಿ ಬೇರೆ ತಾಲ್ಲೂಕಾಯಿತು ನೋಡಿ, ಇವರ ನಕಾಶೆಯೇ ಬದಲಾಯಿತು. ಮಸ್ಕಿ ಶತ್ರು, ಲಿಂಗಸುಗೂರು ಮಿತ್ರ. ಇಪ್ಪತ್ತು ವರ್ಷ ಮಾತು ಬಿಟ್ಟಿದ್ದ ಲಿಂಗಸುಗೂರಿನ ವಕೀಲರೊಬ್ಬರನ್ನು ತಬ್ಬಿಕೊಂಡು ಮಿರ್ಚಿ, ಮಂಡಕ್ಕಿ ವಗ್ಗರಣಿ ತಿನ್ನಿಸಿದರು. ಆ ಮನುಷ್ಯ ಗಾಬರಿಯಿಂದ ತಿಂದ. ಮಸ್ಕಿಯಲ್ಲಿ ಬಸ್ಸು ನಿಂತಾಗ ಮಾತ್ರ ಇವರು ಚಹಾ ಕುಡಿಯುತ್ತಿರಲಿಲ್ಲ. ಶತ್ರುರಾಜ್ಯದಲ್ಲಿ ವಿಷದ ಭಯ!

ನಗಬೇಕೋ ಅಳಬೇಕೋ ತಿಳಿಯದೆ ನಾನು ಆರು ವರ್ಷ ತೆಗೆದೆ. ನ್ಯಾಯವಾಗಿ ಹೇಳಬೇಕಾದರೆ, ಅರ್ಜಿ ಬರೆಯುವುದು ಹೇಗೆ ಅಂತ ಕಲಿಸಿದವರೂ ಅವರೇ. “ಸಂಕಟ ಏನು ಅಂತ ಮೊದಲನೇ ನಾಕು ಸಾಲಿನ್ಯಾಗ ಬರಬೇಕು. ಐದನೇ ಸಾಲಿಗೆ ಸಾಹೇಬನ ಕಣ್ಣು ಗಡಿಯಾರಕ್ಕ ಹೋಗ್ತದ” ಅನ್ನುತ್ತಿದ್ದರು. ನನ್ನ ಕರಡುಗಳನ್ನು ಕೆಂಪು ಶಾಯಿಯಲ್ಲಿ ತಿದ್ದಿ, ಕೊನೆಗೆ ಯಾವಾಗಲೂ ಒಂದು ಸಾಲು ಕೈಯಾರೆ ಸೇರಿಸುತ್ತಿದ್ದರು. ಆ ಒಂದು ಸಾಲಿನಿಂದಲೇ ಅರ್ಜಿಗೆ ಜೀವ ಬರುತ್ತಿತ್ತು. ಇಂಥ ಕೈ ಇದ್ದ ಮನುಷ್ಯನಿಗೆ ಆ ದರಿದ್ರ ಟ್ರಂಕು ಯಾಕೆ ಬೇಕಿತ್ತೋ!

ಕಾಲುವೆ ಭಾಗದ ಒಂದೆರಡು ಗ್ರಾಮ ಪಂಚಾಯಿತಿಗಳು ಅವರ ಸಲಹೆ ಕೇಳುತ್ತಿದ್ದವು. ಅಲ್ಲಿ ಅವರ ಮಂತ್ರಗುಪ್ತಿಗೆ ರೆಕ್ಕೆ ಬಂತು. ಬಡವರಿಗೆ ಸರಕಾರದ ಮನೆ ಕೊಡುವಾಗ ಯಾರಿಗೆ ಕೊಡಬೇಕು ಅನ್ನುವ ಪಟ್ಟಿ ಗ್ರಾಮಸಭೆಯಲ್ಲಿ ಆಗಬೇಕು. ಸಭೆಗೆ ಮುಂಚೆ ಊರಲ್ಲಿ ಡಂಗುರ ಹೊಡೆಸಬೇಕು, ಆದ ಪಟ್ಟಿಯನ್ನು ಪಂಚಾಯಿತಿಯ ಗೋಡೆಗೆ ಹಚ್ಚಬೇಕು. ಅಮರಪ್ಪನವರು ಅಧ್ಯಕ್ಷರನ್ನು ಕೂಡಿಸಿಕೊಂಡು ಹೇಳುತ್ತಿದ್ದದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ:

“ರಾಜನ ಆಲೋಚನಾ ಹಕ್ಕಿ ಕಿವಿಗೂ ಬೀಳಬಾರದು. ಡಂಗುರ ಹೊಡಿಸಿದ್ರ ಸಾವಿರ ಬಾಯಿ, ಸಾವಿರ ತಕರಾರು. ಮಾತು ಮನಿ ಕೆಡಿಸ್ತು, ತೂತು ಒಲಿ ಕೆಡಿಸ್ತು. ಪಟ್ಟಿ ನನ್ನ ಕಡೆ ಕೊಡ್ರಿ, ಭದ್ರ ಇರ್ತದ.”

ಅಧ್ಯಕ್ಷರಿಗೆ ಇನ್ನೇನು ಬೇಕು? ತಮ್ಮವರ ಹೆಸರು ತುಂಬಿಕೊಳ್ಳಲು ಹೊಂಚು ಹಾಕಿದವರಿಗೆ ಶಾಸ್ತ್ರದ ಆಧಾರ ಬೇರೆ ಸಿಕ್ಕಿತು. ಅಮರಪ್ಪನವರು ಅದರಲ್ಲಿ ಒಂದು ಲೋಟ ಚಹಾ ಸಹ ಲಾಭ ಮಾಡಿಕೊಂಡವರಲ್ಲ, ಅದೇ ಸಿಟ್ಟು ನನಗೆ. ಕಳ್ಳನಾದರೆ ಹಿಡಿದು ಕೊಡಬಹುದು. ಪ್ರಾಮಾಣಿಕ ಮೂರ್ಖನನ್ನು ಏನು ಮಾಡುವುದು?

ಹುಲಿಗೆಮ್ಮ ಬಂದದ್ದು ಇಂಥ ಒಂದು ಪಂಚಾಯಿತಿಯಿಂದ. ತುರ್ವಿಹಾಳದ ಬಸ್ಸು ಹತ್ತಿ, ಮೊಣಕಾಲಿನ ತನಕ ಗದ್ದೆಯ ಕೆಸರು ಒಣಗಿಸಿಕೊಂಡೇ ಚೇಂಬರಿಗೆ ಬಂದಳು. ಗಂಡ ಸತ್ತಿದ್ದ, ಎರಡು ಹೆಣ್ಣುಮಕ್ಕಳು, ನಾಟಿ ಕೆಲಸಕ್ಕೆ ಹೋಗುವಾಕೆ. ಹಕ್ಕುಪತ್ರದ ಜಾಗ ಇತ್ತು. ಜಾಗದ ಮೇಲೆ ನಾಲ್ಕು ಕಂಬ, ಮೇಲೆ ತಗಡು. ಸುತ್ತ ಹಳೇ ಸೀರೆ ಕಟ್ಟಿದ್ದಳು.

“ನಮ್ಮ ಮಗ್ಗಲದಾಕಿ ಪಾಯಾ ತೋಡಾಕತ್ತಾಳ್ರಿ. ಏನವ್ವಾ ಅಂದ್ರ, ಪಟ್ಯಾಗ ಹೆಸರು ಬಂದೈತಿ ಅಂದ್ಳು. ಯಾವ ಪಟ್ಟಿ? ಸಭಾ ಯಾವಾಗ ಆತು? ಡಂಗುರ ಹೊಡಿಯಾಂವ ನಮ್ಮ ಎದುರು ಮನ್ಯಾಗ ಇರ್ತಾನ, ಅವಂಗೂ ಗೊತ್ತಿಲ್ಲ!” ಅಂದಳು. ಆಮೇಲೆ ಧ್ವನಿ ಇಳಿಸಿದಳು. “ದೊಡ್ಡಾಕಿಗೆ ಹದಿನೈದು ಆತ್ರಿ. ಓದತಾಳ ಛಲೋ. ಸೀರಿ ಮರಿಗೆ ಎಷ್ಟು ದಿನ ಇಟ್ಕಳ್ಳಿ? ಹೊತ್ತು ಮುಣಗಿದ್ರ ಕಾಲುವಿ ದಂಡ್ಯಾಗ ಕುಡುಕರು ಕುಂದರ್ತಾರ. ತಗಡು ಹೆಂಗರ ಇರ್ಲಿ. ನಂಗ ಗ್ವಾಡಿ ಬೇಕ್ರಿ.”

ಆ ಪಟ್ಟಿ ಆಕೆಯ ಬೆನ್ನ ಹಿಂದೆ ಮೂರಡಿ ದೂರದಲ್ಲಿತ್ತು, ಟ್ರಂಕಿನಲ್ಲಿ. ನನಗೆ ಗೊತ್ತಿತ್ತು. ಅಧ್ಯಕ್ಷರು ತಂದುಕೊಟ್ಟ ದಿನ ಒಳಗೆ ಇಟ್ಟವಳೇ ನಾನು. ಪಟ್ಟಿಯ ಮೇಲೆ ತಕರಾರಿದ್ದರೆ ಮೂವತ್ತು ದಿನದೊಳಗೆ ಲಿಂಗಸುಗೂರಿನ ಮೇಲಿನ ಕಚೇರಿಗೆ ಅರ್ಜಿ ಹಾಕಬೇಕು. ಆಗಲೇ ಎಂಟು ದಿನ ಹೋಗಿದ್ದವು. ಅಮರಪ್ಪನವರು ಆಕೆಯ ವಕಾಲತ್ತು ತೆಗೆದುಕೊಂಡರು. ಆಕೆ ಹೋದ ಮೇಲೆ ನಾನು ಕೇಳಿದೆ:

“ಸರ್, ಪಂಚಾಯ್ತಿಗೆ ಸಲಹಾ ಕೊಟ್ಟವರೂ ನಾವೇ, ಅದರ ವಿರುದ್ಧ ನಿಂದರೋರೂ ನಾವೇ?”

“ಇದಕ್ಕ ದ್ವೈಧೀಭಾವ ಅಂತಾರ. ಒಬ್ಬನ ಕೂಡ ಸಂಧಿ, ಒಬ್ಬನ ಕೂಡ ಯುದ್ಧ. ದೊಡ್ಡ ದೊಡ್ಡ ರಾಜರು ಮಾಡ್ಯಾರ.”

ವಕೀಲರ ನಿಯಮದಲ್ಲಿ ಅದಕ್ಕೆ ಬೇರೆ ಹೆಸರಿದೆ, ಸನ್ನದು ಹೋಗುವಂಥ ಹೆಸರು. ನಾನು ಹೇಳಲಿಲ್ಲ. ಕುರ್ಚಿ ಕೊಟ್ಟವರು, ಗುಟ್ಟು ಇಟ್ಟುಕೊಳ್ಳುತ್ತೇನೆ ಅಂತ ಮಾತು ಕೊಟ್ಟಿದ್ದೇನೆ ಅಂತ ಬಾಯಿ ಮುಚ್ಚಿಕೊಂಡೆ. ನನ್ನನ್ನು ನಾನು ಉಗಿದುಕೊಳ್ಳಬೇಕಾದ ದಿನಗಳಲ್ಲಿ ಅದು ಮೊದಲನೆಯದು.

ಮಹತ್ವದ ಕೇಸು ಅನಿಸಿದರೆ ಕಕ್ಷಿದಾರರನ್ನು ಮಸ್ಕಿಗೆ ಕರೆದೊಯ್ಯುವುದು ಅಮರಪ್ಪನವರ ಪದ್ಧತಿ. ಮಸ್ಕಿ ಗುಡ್ಡದಲ್ಲಿ ಆ ಹಳೇ ಚಕ್ರವರ್ತಿ ಕೆತ್ತಿಸಿದ ಶಾಸನದ ಬಂಡೆ ಇದೆಯಲ್ಲ, ಅದಕ್ಕೆ ವಕಾಲತ್ತಿನ ಕಾಗದ ಮುಟ್ಟಿಸಿ ತರಬೇಕು. ಕಂಬಿ ಬಾಗಿಲಿನ ಸಂದಿಯಿಂದ ಕೈ ಹಾಕಿದರೂ ಬಂಡೆ ಸಿಗುವುದಿಲ್ಲ. ಆದ್ದರಿಂದ ಕಾಗದವನ್ನು ಕಂಬಿಗೆ ಮುಟ್ಟಿಸುವುದು. ಶತ್ರುರಾಜ್ಯ ಅಂತ ತಲೆಗೆ ಟವೆಲ್ಲು ಸುತ್ತಿಕೊಂಡು ವೇಷ ಮರೆಸಿಕೊಳ್ಳುತ್ತಿದ್ದರು. ಆ ಗಿರಿಜಾ ಮೀಸೆಯನ್ನು ಯಾವ ಟವೆಲ್ಲು ಮುಚ್ಚಬೇಕು! ದಾರಿಯಲ್ಲಿ ಸಿಕ್ಕವರೆಲ್ಲ “ನಮಸ್ಕಾರ್ರಿ ವಕೀಲಸಾಹೇಬ್ರ” ಅನ್ನುತ್ತಿದ್ದರು.

ಹುಲಿಗೆಮ್ಮ ಒಂದು ದಿನದ ಕೂಲಿ ಬಿಟ್ಟು ಬಂದಳು. ಬಂಡೆಯ ಮುಂದೆ ಅಮರಪ್ಪನವರು ಕಣ್ಣು ಮುಚ್ಚಿ ನಿಂತರು. ಆಕೆ ಕಂಬಿಗೆ ಮುಖ ಒತ್ತಿ ಒಳಗಿನ ಅಕ್ಷರಗಳನ್ನು ನೋಡಿದಳು.

“ಏನು ಬರಸ್ಯಾನ್ರಿ ಇದರಾಗ?”

“ರಾಜರಹಸ್ಯ ಅದು ತಂಗಿ. ಎಲ್ಲಾರಿಗೂ ತಿಳಿಯೂದಲ್ಲ.”

“ರಹಸ್ಯ ಇದ್ರ ಹಾದಿ ಮಗ್ಗಲ ಬಂಡಿ ಮ್ಯಾಲ ಯಾಕ ಕೆತ್ತಿಸ್ತಾನ್ರಿ?” ಅಂದಳು ಹುಲಿಗೆಮ್ಮ. “ಗುಟ್ಟಿನ ಮಾತು ಯಾರರ ಬಂಡಿ ಮ್ಯಾಲ ಬರೀತಾರೇನು?”

ಅಮರಪ್ಪನವರು ಕಣ್ಣು ತೆರೆದರು. ಟವೆಲ್ಲು ಸರಿ ಮಾಡಿಕೊಂಡು, “ಬಸ್ಸಿನ ಹೊತ್ತಾತು” ಅಂದರು. ಸಣ್ಣವರೂ ದೊಡ್ಡವರೂ ಒಂದೇ ಹಾದಿಯಲ್ಲಿ ಮೇಲೆ ಬರಬಹುದು, ಇದನ್ನು ಎಲ್ಲರಿಗೂ ತಿಳಿಸಿ ಅನ್ನುವ ಅರ್ಥದ ಮಾತು ಆ ಬಂಡೆಯ ಮೇಲಿದೆ. ನನ್ನಪ್ಪ ನನ್ನನ್ನು ಹೆಗಲ ಮೇಲೆ ಕೂಡಿಸಿಕೊಂಡು ಅದನ್ನು ಹೇಳಿದ್ದ. ಪ್ರಾಚೀನ ರಾಜನೀತಿಯ ಪಂಡಿತರಿಗೆ ಅದು ಗೊತ್ತಿರಲಿಲ್ಲ. ನಾಲ್ಕನೇ ಇಯತ್ತೆ ಓದಿದ ಹೆಂಗಸಿಗೆ ಓದದೆಯೇ ತಿಳಿಯಿತು.

ಅಷ್ಟಾದರೂ ಅರ್ಜಿ ಹೋಗಲಿಲ್ಲ. ಈಗ ‘ಆಸನ’ ಅಂದರು ಅಮರಪ್ಪನವರು. ಆಸನ ಅಂದರೆ ಶತ್ರು ತಾನಾಗಿ ಸೊರಗುವ ತನಕ ಅಲ್ಲಾಡದೆ ಕೂರುವ ನೀತಿ. ಅಧ್ಯಕ್ಷರು ಗುಟ್ಟಾಗಿ ಬಂದು, ತಕರಾರು ಬೇಡ, ಹುಲಿಗೆಮ್ಮನ ಹೆಸರು ಹೇಗಾದರೂ ಸೇರಿಸುತ್ತೇನೆ ಅಂತ ಭಾಷೆ ಕೊಟ್ಟು ಹೋಗಿದ್ದರು. ಇಪ್ಪತ್ತನೇ ದಿನ ಆಕೆ ಬಂದು ಕೇಳಿದಳು. ಇಪ್ಪತ್ತಾರನೇ ದಿನ ಮತ್ತೆ ಬಂದಳು. ಇಪ್ಪತ್ತೊಂಬತ್ತನೇ ದಿನ ನಾನು ಕರಡು ಮುಂದಿಟ್ಟೆ.

“ಸರ್, ನಾಳೆ ಮುದ್ದತು ಮುಗೀತದ.”

“ಅವಸರ ಮಾಡಿದ ರಾಜ ಗೆದ್ದಿಲ್ಲವ್ವಾ.”

“ರಾಜ ಗೆಲ್ಲದಿದ್ರ ಹೋಗಲಿ ಸರ್, ಆಕಿ ಮನಿ ಹೋಗ್ತದ!”

“ಕೂಡು. ಇದು ಆಸನ.”

ಕೂತೆ. ಕಾಲಿದ್ದವಳು, ಬಸ್ಸಿನ ದಾರಿ ಗೊತ್ತಿದ್ದವಳು, ಹುಲಿಗೆಮ್ಮನಿಗೆ ಒಂದು ಮಾತು ಹೇಳಿ ಲಿಂಗಸುಗೂರಿಗೆ ಕಳಿಸಬಹುದಾಗಿದ್ದವಳು ಕೂತೆ. ಮೂವತ್ತಮೂರನೇ ದಿನ ಅಧ್ಯಕ್ಷರು, ಯಾವ ಹೆಸರು, ಯಾವ ಭಾಷೆ ಅಂತ ಫೋನಿನಲ್ಲಿ ನಕ್ಕರು. ಆಗ ಅಮರಪ್ಪನವರು ಎದ್ದು ನಿಂತು ‘ಯಾನ’ ಅಂದರು, ಅಂದರೆ ದಂಡೆತ್ತಿ ಹೋಗುವುದು. ಬಾವಿಗೆ ಬಿದ್ದ ಮೇಲೆ ಹಗ್ಗ ಹೊಸೆಯಲು ಕೂತರು ಮಹರಾಯರು. ತಡವಾದ ಅರ್ಜಿಗೆ ಕಾರಣ ಬರೆಯಬೇಕಲ್ಲ. ‘ಅರ್ಜಿದಾರಳಿಗೆ ತೀವ್ರ ಜ್ವರ’ ಅಂತ ಬರೆದರು. ಉಪಾಯವೂ ರಾಜನೀತಿಯ ಭಾಗವಂತೆ.

ವಿಚಾರಣೆ ಲಿಂಗಸುಗೂರಿನ ಆ ಕಚೇರಿಯ ಸಾಹೇಬರ ಮುಂದೆ ನಡೆಯಿತು. ಸಾಹೇಬರು ಕಾಗದ ಓದಿ, ಹುಲಿಗೆಮ್ಮನ ಕಡೆ ನೋಡಿ, “ಈಗ ಆರಾಮ ಅದೀರೇನಮ್ಮ? ಜ್ವರ ಭಾಳ ಬಂದಿತ್ತೇನು?” ಅಂದರು. ಪಾಪ, ಕರುಣೆಯಿಂದಲೇ ಕೇಳಿದರು.

“ಯಾರಿಗ್ರಿ?” ಅಂದಳು ಹುಲಿಗೆಮ್ಮ. “ನಂಗೊಂದ ದಿನ ಜ್ವರ ಬಂದಿಲ್ರಿ ಸಾಹೇಬ್ರ. ಜ್ವರ ಬಂದ್ರ ಕೂಲಿ ಯಾರು ಮಾಡ್ಬೇಕು? ನಾ ಮೂರು ಸಲ ವಕೀಲಸಾಹೇಬ್ರ ಹಂತ್ಯಾಕ ಬಂದೀನಿ. ಅವರು ಕುಂದ್ರು ಅಂದಾರ.”

ಅಮರಪ್ಪನವರ ಮೀಸೆ ಇಳಿದದ್ದನ್ನು ನಾನು ನೋಡಿದ್ದು ಅದೇ ಮೊದಲು. ಸಾಹೇಬರು ಕೆಟ್ಟವರಲ್ಲ. ಪೆನ್ನು ಕೆಳಗಿಟ್ಟು, ವಕೀಲರ ತಪ್ಪಿಗೆ ಕಕ್ಷಿದಾರರನ್ನು ಶಿಕ್ಷಿಸುವುದು ನ್ಯಾಯವಲ್ಲ, ನನ್ನ ತಪ್ಪಿನಿಂದ ತಡವಾಯಿತು ಅಂತ ವಕೀಲರೇ ಒಂದು ಪ್ರಮಾಣಪತ್ರ ಬರೆದುಕೊಟ್ಟರೆ ಅರ್ಜಿ ತೆಗೆದುಕೊಳ್ಳುತ್ತೇನೆ ಅಂದರು. ಹದಿನೈದು ದಿನ ಕೊಟ್ಟರು. ಅಂದರೆ ಹುಲಿಗೆಮ್ಮನ ನಾಲ್ಕು ಗೋಡೆಗಳು ಈಗ ಅಮರಪ್ಪನವರ ಒಂದು ಸಹಿಯಲ್ಲಿದ್ದವು. ವಾಪಸ್ಸು ಬರುವಾಗ ಮಸ್ಕಿಯಲ್ಲಿ ಅಮರಪ್ಪನವರು ಇಳಿದು ಚಹಾ ಕುಡಿದರು.

ಮರುದಿನ ನಾನು ಪ್ರಮಾಣಪತ್ರ ಟೈಪು ಮಾಡಿದೆ. ಅವರೇ ಕಲಿಸಿದಂತೆ ನಾಲ್ಕೇ ಸಾಲು. ಮುಂದಿಟ್ಟೆ. ಓದಿದರು, ಕನ್ನಡಕ ತೆಗೆದು ಒರೆಸಿದರು.

“ತಪ್ಪು ಒಪ್ಕೊಂಡ ರಾಜನ ಮಾತು ಮುಂದ ಯಾರು ಕೇಳ್ತಾರ? ರಾಜ್ಯ ಹೋಗ್ತದ ಸುಜಾತವ್ವಾ.”

ನನಗೆ ತಡೆಯಲಾಗಲಿಲ್ಲ. “ಯಾವ ರಾಜ್ಯ ಸರ್? ಈ ಹತ್ತಡಿ ಖೋಲಿನಾ? ಇದೂ ಬಾಡಿಗಿದು! ಮೂವತ್ತು ವರ್ಷ ರಾಜ ರಾಜ ಅಂತ ಬಡಕೊಂಡ್ರಿ, ರಾಜರೆಲ್ಲ ಸತ್ತು ಮಣ್ಣಾಗ್ಯಾರ. ಈಗ ಇರೋದು ಓಟು ಹಾಕೋ ಹುಲಿಗೆಮ್ಮ. ಆಕಿಗೆ ಪಟ್ಟಿ ತೋರಸಬೇಕು ಅಂತ ಕಾಯ್ದೆ ಐತಿ. ಆ ಪಟ್ಟಿ ಎಲ್ಲಿತ್ತು ಸರ್? ನಿಮ್ಮ ಟ್ರಂಕಿನ್ಯಾಗ. ಕೀಲಿಕೈ ಎಲ್ಲಿತ್ತು? ನಿಮ್ಮ ಉಡದಾರದಾಗ!”

ಹೊರಗಿನ ಬೆಂಚಿನ ಜನಪದವೆಲ್ಲ ಬಾಗಿಲಿಗೆ ಬಂದು ನಿಂತಿತ್ತು. ಎದುರಿನ ಜೆರಾಕ್ಸ್ ಮಶಿನ್ನಿನ ಸದ್ದೂ ನಿಂತಿತು. ಅಮರಪ್ಪನವರು ಮೆಲ್ಲಗೆ ಅಂದರು: “ಮಂತ್ರ ಹೊರಗ ಹಾಕಿದ ಅಮಾತ್ಯನ ನಾಲಿಗಿ ಕೊಯ್ತಿದ್ರು ಹಳೇ ಕಾಲದಾಗ. ನೀ ನಿನ್ನ ಕೋಟು ತಗೊಂಡು ಹೋಗವ್ವಾ.” ಕೋಟು ಮೇಲೆತ್ತಿ, ಅಂಗಿ ಎಳೆದು, ಕೀಲಿಕೈ ಹುಡುಕಿ, ನಾನು ಟೈಪು ಮಾಡಿದ ಕಾಗದವನ್ನು ಟ್ರಂಕಿನಲ್ಲಿ ಹಾಕಿ ಬೀಗ ಜಡಿದರು. ಅವತ್ತು ನಾನು ಮುಖ ತಿರುಗಿಸಲಿಲ್ಲ.

ಗಡುವಿನ ಕೊನೆಯ ದಿನ ನಾನೇ ಒಂದು ಪ್ರಮಾಣಪತ್ರ ಬರೆದುಕೊಂಡು ಲಿಂಗಸುಗೂರಿಗೆ ಹೋದೆ. ಮುದ್ದತು ನನಗೆ ಗೊತ್ತಿತ್ತು, ಹೇಳದೆ ಕೂತೆ, ತಪ್ಪು ನನ್ನದು ಅಂತ ಬರೆದಿದ್ದೆ. ಅದರಲ್ಲಿ ಸುಳ್ಳು ಒಂದಕ್ಷರ ಇರಲಿಲ್ಲ. ಸಾಹೇಬರು ಎರಡು ಸಲ ಓದಿದರು. “ವಕಾಲತ್ತಿನ್ಯಾಗ ನಿಮ್ಮ ಹೆಸರಿಲ್ಲಮ್ಮ. ಅವರದೇ ಬೇಕು” ಅಂದರು. ಸಂಜೆಯ ತನಕ ಕಾದರು. ಅಮರಪ್ಪನವರು ಬರಲಿಲ್ಲ. ಅರ್ಜಿ ವಜಾ ಆಯಿತು.

ಹುಲಿಗೆಮ್ಮ ಅಳಲಿಲ್ಲ, ಬೈಯಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ನನಗೇ ಒಂದು ಬಾಳೆಹಣ್ಣು ಕೊಡಿಸಿದಳು. ದೊಡ್ಡ ಮಗಳಿಗೆ ಹದಿನೆಂಟು ತುಂಬಿದ ತಿಂಗಳೇ ಮದುವೆ ಮಾಡಿಬಿಟ್ಟಳು. ಹುಡುಗಿ ಕಾಲೇಜಿಗೆ ಹೋಗುತ್ತೇನೆ ಅಂತ ಅತ್ತಿದ್ದಳಂತೆ. ಸೀರೆಯ ಮರೆಯಲ್ಲಿ ಎಷ್ಟು ದಿನ ಕಾಯಲಿ ಅಂದಳು ತಾಯಿ.

ಅಮರಪ್ಪನವರನ್ನು ನಾನು ಕೊನೆಯದಾಗಿ ನೋಡಿದ್ದು ಒಂದು ವಿಚಾರಗೋಷ್ಠಿಯಲ್ಲಿ. ಪ್ರಾಚೀನ ರಾಜನೀತಿಯಿಂದ ಇಂದಿನ ಆಡಳಿತ ಏನು ಕಲಿಯಬೇಕು ಅನ್ನುವುದು ವಿಷಯ. ಈಗ ಇಂಥ ಮಾತಿಗೆ ಎಲ್ಲಿಲ್ಲದ ಕಾಲ ಬಂದಿದೆ. ಶಾಲು, ಹಾರ, ಚಪ್ಪಾಳೆ! ಅವರು ಪಾರದರ್ಶಕತೆಯ ಬಗ್ಗೆ ಮಾತಾಡಿದರು. ಚಕ್ರವರ್ತಿ ತನ್ನ ಆಜ್ಞೆಯನ್ನು ಬಂಡೆಯ ಮೇಲೆ ಯಾಕೆ ಕೆತ್ತಿಸಿದ, ಗುಟ್ಟಾಗಿದ್ದರೆ ಕೆತ್ತಿಸುತ್ತಿದ್ದನೇ ಅಂತ ಕೈ ಎತ್ತಿ ಕೇಳಿದರು. ಸಭೆ ತಲೆದೂಗಿತು. ಹುಲಿಗೆಮ್ಮನ ಮಾತು ಅದು! ಹೆಸರು ಹೇಳಲಿಲ್ಲ. ಕೆಳಗಿಳಿದು ಬಂದವರು ನನ್ನನ್ನು ಕಂಡು ನಿಂತರು. ಬಹಳ ಇಳಿದಿದ್ದರು, ಶಾಲು ಹೆಗಲಿನಿಂದ ಜಾರುತ್ತಿತ್ತು.

“ಊಟ ಮಾಡಿ ಹೋಗವ್ವಾ ಸುಜಾತವ್ವಾ.”

“ಹಸಿವಿಲ್ಲ ಸರ್.”

ಇನ್ನೇನೋ ಹೇಳಲು ಬಾಯಿ ತೆರೆದರು. ಅವರ ಕೈ ಸೊಂಟದ ಹತ್ತಿರ ಹೋದದ್ದು ನನಗೆ ನೆನಪಿದೆ. ಅಷ್ಟರಲ್ಲಿ ಯಾರೋ ಫೋಟೋಕ್ಕೆ ಕರೆದರು. ನಾನು ಹೊರಟುಬಂದೆ.

ಕಳೆದ ವರ್ಷ ತೀರಿಕೊಂಡರು. ಕೋರ್ಟಿನ ಸಂತಾಪ ಸಭೆಯಲ್ಲಿ ಅವರನ್ನು ಏನೇನೋ ಅಂದರು, ಮಹಾ ಚಾಣಾಕ್ಷ ಅಂತಲೂ ಅಂದರು. ನಾನು ಕಿಟಕಿಯ ಹೊರಗೆ ನೋಡುತ್ತ ಕೂತಿದ್ದೆ. ತಿಂಗಳಾದ ಮೇಲೆ ಅವರ ಹೆಂಡತಿ ಗಂಗಮ್ಮ ಫೋನು ಮಾಡಿದರು. “ಆ ಟ್ರಂಕು ಏನ್ ಮಾಡ್ಲೆವ್ವಾ? ಕೀಲಿಕೈ ಉಡದಾರ ಬಿಚ್ಚುವಾಗ ಸಿಕ್ಕೈತಿ. ನೀನೇ ಬಂದು ತೆಗಿ, ನಿಂಗ ತಿಳೀತದ” ಅಂದರು.

ತೆಗೆದೆ. ಇಷ್ಟು ವರ್ಷ ಮೌಲಾಸಾಬರಿಂದ ಹಿಡಿದು ಕೋರ್ಟಿನ ಎಲ್ಲರೂ ಅದರಲ್ಲಿ ಏನೇನು ರಹಸ್ಯ ಇದೆಯೋ ಅಂತ ಕಲ್ಪಿಸಿಕೊಂಡಿದ್ದರು. ಇದ್ದದ್ದು ಗೋಡೆಗೆ ಹಚ್ಚಬೇಕಾಗಿದ್ದ ಕಾಗದಗಳು. ಮನೆಯ ಪಟ್ಟಿಗಳು, ಗ್ರಾಮಸಭೆಯ ನೋಟಿಸುಗಳು, ನೀರಿನ ಪೈಪಿನ ಪ್ರಕಟಣೆ. ಊರವರೆಲ್ಲ ಓದಲಿ ಅಂತ ದಪ್ಪ ಅಕ್ಷರದಲ್ಲಿ ಬರೆದವು, ಒಬ್ಬರೂ ಓದದೆ ಹಳದಿಯಾಗಿದ್ದವು. ಎಲ್ಲಕ್ಕಿಂತ ಮೇಲೆ ನಾನು ಟೈಪು ಮಾಡಿದ ಪ್ರಮಾಣಪತ್ರ.

ಸಹಿ ಇತ್ತು. ತಾರೀಖು ನನ್ನನ್ನು ಹೊರಗೆ ಹಾಕಿದ ಮೂರನೇ ದಿನದ್ದು. ಗಡುವಿಗೆ ಇನ್ನೂ ಹನ್ನೊಂದು ದಿನ ಇತ್ತು. ಕೆಳಗೆ ಕೆಂಪು ಶಾಯಿಯಲ್ಲಿ, ಎಂದಿನಂತೆ, ಕೈಯಾರೆ ಒಂದು ಸಾಲು ಸೇರಿಸಿದ್ದರು: ‘ಇದರಲ್ಲಿ ಹುಲಿಗೆಮ್ಮನ ತಪ್ಪು ಎಳ್ಳಷ್ಟೂ ಇಲ್ಲ.’

ನೆಲದ ಮೇಲೆ ಕೂತು ಜೋರಾಗಿ ಅತ್ತೆ. ಗಂಗಮ್ಮ ಗುರುವಿನ ನೆನಪಾಯಿತು ಅಂದುಕೊಂಡರು. ಸಿಟ್ಟಿಗೆ ಅತ್ತೆ ನಾನು. ಸಹಿ ಹಾಕದೆ ಸತ್ತಿದ್ದರೆ ಮೂರ್ಖ ಅಂತ ಬೈದು ಸುಮ್ಮನಾಗುತ್ತಿದ್ದೆ. ಹಾಕಿ, ಅದನ್ನೂ ಮುಚ್ಚಿಟ್ಟರಲ್ಲ!

ಆ ಕಾಗದ ಹಿಡಿದುಕೊಂಡು ಹುಲಿಗೆಮ್ಮನ ಊರಿಗೆ ಹೋದೆ. ಈ ಸಲದ ಪಟ್ಟಿಯಲ್ಲಿ ಆಕೆಯ ಹೆಸರು ಬಂದಿದೆ. ಡಂಗುರದವನನ್ನು ಓಣಿ ಓಣಿ ತಾನೇ ಕರೆದುಕೊಂಡು ತಿರುಗಿಸಿದಳಂತೆ, ಸಭೆಯಲ್ಲಿ ಪಟ್ಟಿ ಗಟ್ಟಿಯಾಗಿ ಓದಿಸಿದಳಂತೆ. ನಾಲ್ಕು ಗೋಡೆ ಎದ್ದಿವೆ, ಗಿಲಾವು ಇನ್ನೂ ಆಗಿಲ್ಲ. ಹೊಸ್ತಿಲ ಮೇಲೆ ಕೂತು ಕಾಗದದ ಮೇಲೆ ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿ ಓದಿದಳು. ತನ್ನ ಹೆಸರು ಬಂದಲ್ಲಿ ಬೆರಳು ನಿಂತಿತು.

“ಬರ್ದಾರ” ಅಂದಳು. “ಬರ್ದು ಇಟ್ಕೊಂಡಾರ.”

ಗಿಲಾವಿಲ್ಲದ ಗೋಡೆಯ ಕಡೆ ಒಮ್ಮೆ ನೋಡಿದಳು.

“ಇದನ್ನ ಅವತ್ತ ಒಂದು ಗ್ವಾಡಿಗೆ ಹಚ್ಚಿದ್ರ, ನನ್ನ ಮಗಳು ಈ ನಾಕು ಗ್ವಾಡ್ಯಾಗ ಕುಂತು ಓದತಿದ್ಲು.”

ನಾನು ಕೈ ಚಾಚಿ ಕಾಗದ ತೆಗೆದುಕೊಂಡು, ಮಡಚಿ ಚೀಲದಲ್ಲಿ ಇಡಲು ಹೋದೆ. ಹುಲಿಗೆಮ್ಮ ನನ್ನ ಕೈ ಹಿಡಿದಳು.

“ಕೊಡ್ರಿ ಇಲ್ಲಿ. ನೀವೂ ಪೆಟ್ಟಿಗ್ಯಾಗ ಇಡತೀರೇನು ಮತ್ತ?”

ಒಳಗೆ ಹೋಗಿ ಬಟ್ಟಲಲ್ಲಿ ಅನ್ನದ ಗಂಜಿ ತಂದಳು. ಬೀದಿಗೆ ಕಾಣುವ ಗೋಡೆಯ ಮೇಲೆ ಅಂಗೈಯಿಂದ ಗಂಜಿ ಬಳಿದು ಕಾಗದ ಹಚ್ಚಿದಳು. ಮೂಲೆಗಳನ್ನು ಒತ್ತಿ ಒತ್ತಿ ಕೂಡಿಸಿದಳು. ಆಮೇಲೆ ನೀರಿಗೆ ಹೊರಟಿದ್ದ ಹೆಂಗಸರನ್ನು ಕೂಗಿ ಕರೆದಳು.